ಹೊರಮುಖದ ಕಟ್ಟೆ

ಆಲ್ದೂರಿನಲ್ಲಿ ನಡೆದ ಅವರ ಶ್ರದ್ಧಾಂಜಲಿ ಸಭೆಗೆ ನಾನೂ ಹೋಗಿದ್ದೆ. ಒಬ್ಬರ ಹಿಂದೊಬ್ಬರು ಮೈಕು ಹಿಡಿದು ಹೇಳಿದ್ದು ಒಂದೇ ಮಾತು. ಬಹಳ ಸೌಮ್ಯ ಸ್ವಭಾವದವರು. ಎಲ್ಲರೊಂದಿಗೂ ಹೊಂದಿಕೊಂಡು ಹೋಗುವವರು. ಯಾರ ಮನಸ್ಸನ್ನೂ ನೋಯಿಸಿದವರಲ್ಲ. ಕೇಳುತ್ತಾ ಕೇಳುತ್ತಾ ನನಗೆ ಮೈ ಉರಿಯತೊಡಗಿತು. ಪಕ್ಕದಲ್ಲಿದ್ದ ನನ್ನ ಗಂಡ ಮೊಣಕೈ ಹಿಡಿದು ಕೂರಿಸದೆ ಇದ್ದಿದ್ದರೆ ಎದ್ದು ನಿಂತು ಕೇಳಿಯೇ ಬಿಡುತ್ತಿದ್ದೆ: ಸ್ವಾಮೀ, ನೀವೆಲ್ಲ ಯಾರ ಬಗ್ಗೆ ಮಾತಾಡುತ್ತಿದ್ದೀರಿ?

ಸತ್ತವರಿಗೆಲ್ಲ ಸೌಮ್ಯತೆಯ ಶಾಲು ಹೊದಿಸುವುದು ನಮ್ಮ ಕಡೆಯ ರೂಢಿ. ಸತ್ತದ್ದು ಹೆಂಗಸಾದರೆ ಎರಡು ಶಾಲು. ಅವರು ಸೌಮ್ಯರಾಗಿರಲಿಲ್ಲ. ಹೊಂದಿಕೊಂಡು ಹೋದದ್ದನ್ನು ನಾನಂತೂ ಕಾಣೆ. ಮನಸ್ಸು ನೋಯಿಸಿದ್ದಕ್ಕೆ ಲೆಕ್ಕವೇ ಇಲ್ಲ, ಅದೇ ಸಭೆಯ ಮುಂದಿನ ಸಾಲಿನಲ್ಲಿ ಅರ್ಧ ಜನ ನೊಂದವರೇ ಕೂತಿದ್ದರು. ಅವರು ಜಗಳ ಬಲ್ಲವರು. ಯಾವಾಗ ಆಡಬೇಕು, ಎಷ್ಟಕ್ಕೆ ನಿಲ್ಲಿಸಬೇಕು, ಯಾವುದಕ್ಕೆ ನಿಲ್ಲಿಸಲೇಬಾರದು ಎಂಬುದೆಲ್ಲ ಅವರಿಗೆ ಗೊತ್ತಿತ್ತು. ಆ ಸಭೆಯಲ್ಲಿ ಹೇಳಲು ಬಿಡದ್ದನ್ನು ಇಲ್ಲಿ ಬರೆಯುತ್ತೇನೆ. ಇಲ್ಲಿ ನನ್ನ ಮೊಣಕೈ ಹಿಡಿಯುವವರು ಯಾರೂ ಇಲ್ಲ.

ಹೆಸರು ಮಾತ್ರ ಬರೆಯುವುದಿಲ್ಲ. ತಾವು ಮಾಡಿದ ಕೆಲಸದ ಮೇಲೆ ಹೆಸರು ಹಾಕಿಸಿಕೊಳ್ಳುವುದನ್ನು ಅವರು ಕಡೆಯವರೆಗೂ ಒಪ್ಪಲಿಲ್ಲ. ಆಲ್ದೂರಿನ ಹಾರ್ಡ್‌ವೇರ್ ಅಂಗಡಿಯ ಮಹಡಿಯಲ್ಲಿ ಅವರದೊಂದು ಆಫೀಸಿತ್ತು, ಅದಕ್ಕೂ ಬೋರ್ಡಿರಲಿಲ್ಲ. "ಬೇಕಾದೋರು ಕೇಳ್ಕೊಂಡು ಬರ್ತಾರೆ, ಬೇಡಾದೋರಿಗೆ ಯಾಕೆ ದಾರಿ ತೋರಿಸ್ಬೇಕು?" ಎನ್ನುತ್ತಿದ್ದರು.

ಇದ್ದ ಮನೆಗೆ ಹೊರಗೆ ಕೂರುವ ಜಾಗ ಸೇರಿಸಿ ಕೊಡುವುದು ಅವರ ಕೆಲಸ. ಜಗಲಿ ಬೆಳೆಸುವುದು, ಅಡುಗೆಮನೆಯ ಹಿಂದೆ ನೆರಳು ಮಾಡುವುದು, ಅಂಗಳದ ಅಂಚಿನಲ್ಲೊಂದು ಚಾವಡಿ ಎಬ್ಬಿಸುವುದು. ಕೇಳಲು ಸಣ್ಣ ಕೆಲಸ. ಆದರೆ ಹೋಮ್‌ಸ್ಟೇಗಳು ಶುರುವಾದ ಮೇಲೆ ನಮ್ಮ ಎಸ್ಟೇಟ್ ಮನೆಗಳಿಗೆ ಬಂದ ಗತಿ ನೋಡಿದವರಿಗೆ ಅದು ಸಣ್ಣದಲ್ಲ ಎಂದು ಗೊತ್ತು. ಎಲ್ಲರಿಗೂ ಒಂದು 'ಸಿಟ್‌ಔಟ್' ಬೇಕಾಯಿತು. ತಾತನ ಕಾಲದ ಹೆಂಚಿನ ಮನೆಯ ಎದೆಗೆ ನೀಲಿ ಶೀಟು ಬಡಿದರು, ಕೆಂಪು ನೆಲದ ಪಕ್ಕ ಹೊಳೆಯುವ ಟೈಲ್ಸ್ ಹಾಕಿದರು, ಕಲ್ಲಿನ ಮೆಟ್ಟಿಲಿಗೆ ಗಾಜಿನ ಗೋಡೆ ಒರಗಿಸಿದರು. ಮದುವೆಮನೆಗೆ ಬಂದ ನೆಂಟರು ಊಟವಾದ ಮೇಲೂ ಹೋಗದೆ ಕೂತ ಹಾಗೆ ಕಾಣುತ್ತಿತ್ತು.

ಬಣಕಲ್ ಕಡೆಯ ಒಬ್ಬ ಪ್ಲಾಂಟರು ಹಾಗೆ ಕಟ್ಟಿಸಿ, ಹೆಮ್ಮೆಯಿಂದ ಇವರನ್ನು ಕರೆಸಿ ತೋರಿಸಿದ್ದರಂತೆ. ಉದ್ದಕ್ಕೆ ಕಬ್ಬಿಣದ ಕಂಬ, ಮೇಲೆ ಬಾಗಿದ ಶೀಟು, ಕೆಳಗೆ ಸಾಲಾಗಿ ಕುರ್ಚಿ. ಇವರು ಸುತ್ತ ನೋಡಿ, ಗಡಿಯಾರ ನೋಡಿಕೊಂಡು ಕೇಳಿದರು: "ಚೆನ್ನಾಗಿದೆ ಸಾರ್. ಮೂಡಿಗೆರೆ ಬಸ್ಸು ಎಷ್ಟೊತ್ತಿಗೆ?" ಆ ಪ್ಲಾಂಟರು ಇವರ ಜೊತೆ ಮಾತು ಬಿಟ್ಟರು. ಆದರೆ ಆ ಕಡೆಯ ಜನ ಈಗಲೂ ಆ ಮನೆಗೆ ಬಸ್‌ಸ್ಟಾಂಡ್ ಮನೆ ಅಂತಲೇ ಅನ್ನುವುದು.

ಅವರ ಕಟ್ಟಳೆಗಳು ಕೆಲವಿದ್ದವು. ಹೊಸ ಮಾಡು, ಅಂದರೆ ಚಾವಣಿ, ಹಳೇ ಮಾಡಿನ ಕೆಳಗೆ ಹೊರಡಬೇಕು, ಮೇಲೆ ತಲೆ ಎತ್ತಬಾರದು. ಹಳೇ ಮನೆಯ ನೆರಳು ಎಲ್ಲಿಯವರೆಗೆ ಬೀಳುತ್ತದೋ ಅದರೊಳಗೇ ಹೊಸದರ ನೆರಳೂ ಮುಗಿಯಬೇಕು. ಹೊಸ ಹೆಂಚು ಹಾಕಬಾರದು, ಬಿದ್ದ ಮನೆಗಳ ಹಳೇ ಹೆಂಚು ಹುಡುಕಿ ತಂದು ಪಾಚಿ ಕೂಡ ಉಜ್ಜದೆ ಹೊದಿಸಬೇಕು. ಮುಗಿದ ಮೇಲೆ ಬಂದವರು 'ಇದರಲ್ಲಿ ಹೊಸದು ಯಾವುದು?' ಎಂದು ಕೇಳಬೇಕು. ಹಾಗೆ ಕೇಳಿದ ದಿನ ಅವರು ನಗುತ್ತಿದ್ದರು. 'ಎಷ್ಟು ಚೆನ್ನಾಗಿ ಕಟ್ಟಿದೀರಿ' ಎಂದು ಯಾರಾದರೂ ಹೊಗಳಿದರೆ ಮುಖ ಸಪ್ಪಗಾಗುತ್ತಿತ್ತು. ಎಲ್ಲೋ ತಪ್ಪಿದ್ದೇನೆ, ಕಣ್ಣಿಗೆ ಬಿತ್ತಲ್ಲ, ಎಂದು ಮತ್ತೆ ಹೋಗಿ ನೋಡುತ್ತಿದ್ದರು.

ಒಮ್ಮೆ ನಾನು ತಮಾಷೆಗೆ, "ನೀವು ಕಟ್ಟಿದ್ದೆಲ್ಲ ಎಷ್ಟು ಚೆನ್ನಾಗಿ ಹೊಂದಿಕೊಳ್ತದೆ, ನೀವು ಮಾತ್ರ ಯಾರಿಗೂ ಹೊಂದಲ್ಲ ಮಾರಾಯ್ತಿ" ಅಂದೆ. ಅವರು ತಟ್ಟನೆ, "ಹೊಂದಿಕೊಳ್ಳೋದು ಜಗಲಿ ಕೆಲಸ ಅಕ್ಕಾ, ನನ್ನ ಕೆಲಸ ಅಲ್ಲ" ಅಂದರು.

ಎಲ್ಲಕ್ಕಿಂತ ಮೊದಲಿನ ಕಟ್ಟಳೆ ಇನ್ನೊಂದಿತ್ತು. ಕೂತು ನೋಡದೆ ಅವರು ಅಳೆಯುತ್ತಿರಲಿಲ್ಲ. ಮನೆಗೆ ಬಂದವರೇ ಟೇಪು ಬಿಚ್ಚುವುದಿಲ್ಲ. ಎಲ್ಲಿ ಜಗಲಿ ಬರಬೇಕೋ ಅಲ್ಲಿ ಹೋಗಿ ಕೂರುವುದು. ಕಲ್ಲಾದರೆ ಕಲ್ಲು, ಮೆಟ್ಟಿಲಾದರೆ ಮೆಟ್ಟಿಲು. ಬೆಳಿಗ್ಗೆ ಬಂದರೆ ಬಿಸಿಲು ತಿರುಗುವವರೆಗೂ ಕೂರುವುದು. ಗಾಳಿ ಯಾವ ಕಡೆಯಿಂದ, ಹೊಗೆ ಯಾವ ಕಡೆಗೆ, ನಾಯಿ ಎಲ್ಲಿ ಮಲಗುತ್ತದೆ, ಬಂದವರು ಎಲ್ಲಿ ಚಪ್ಪಲಿ ಬಿಡುತ್ತಾರೆ, ಎಲ್ಲ ನೋಡುವುದು. ಮನೆಯವರಿಗೆ ಇದು ಕಸಿವಿಸಿ. ಅಳತೆ ತೆಗೆಯಲು ಬಂದವಳು ಯಜಮಾನರ ಎದುರೇ ಕಾಲು ಚಾಚಿ ಕೂತರೆ ಏನು ಮಾಡುವುದು?

ಕಸಿವಿಸಿಗೆ ಕಾರಣವೂ ಇತ್ತು, ಅದನ್ನು ಬಾಯಿಬಿಟ್ಟು ಯಾರೂ ಹೇಳುತ್ತಿರಲಿಲ್ಲ. ಅವರು ಹುಟ್ಟಿದ್ದು ಎಸ್ಟೇಟಿನ ಲೈನ್ ಮನೆಯಲ್ಲಿ. ಆಳುಗಳಿಗೆಂದು ಸಾಲಾಗಿ ಕಟ್ಟಿದ ಒಂದೊಂದೇ ಕೋಣೆಯ ಮನೆಗಳಲ್ಲಿ ಒಂದು. ಅಪ್ಪ ಕಾಳುಮೆಣಸು ಕೊಯ್ಯುತ್ತಿದ್ದರು, ಅಮ್ಮ ಕಾಫಿ ಕೊಯ್ಯುತ್ತಿದ್ದರು. ಮಗಳು ಚಿಕ್ಕಮಗಳೂರಿನಲ್ಲಿ ಡಿಪ್ಲೊಮಾ ಓದಿ, ಮಂಗಳೂರಿನ ಒಂದು ಆಫೀಸಿನಲ್ಲಿ ನಕ್ಷೆ ಬರೆದು, ಕೈ ಪಳಗಿದ ಮೇಲೆ ವಾಪಸು ಬಂದರು. ಬೇಕಿದ್ದರೆ ಅಲ್ಲೇ ಇರಬಹುದಿತ್ತು. "ಅಲ್ಲಿ ಯಾರಿಗೂ ನಾನು ಯಾರ ಮಗಳು ಅಂತ ಗೊತ್ತಿರ್ಲಿಲ್ಲ, ಹಾಗಾಗಿ ಮಜಾ ಇರ್ಲಿಲ್ಲ" ಎಂದು ಕಾರಣ ಕೊಟ್ಟಿದ್ದರು.

ಅವರ ಜೊತೆ ಒಂದು ಫ್ಲಾಸ್ಕು ಇರುತ್ತಿತ್ತು. ಎಂದೋ ಒಂದು ಬಂಗಲೆಯಲ್ಲಿ ಅವರಿಗೆ ಕಾಫಿಯನ್ನು ಹೊರಗಿನವರ ಲೋಟದಲ್ಲಿ, ಹೊರಗಿನ ಕಿಟಕಿಯ ಕಟ್ಟೆ ಮೇಲೆ ಇಟ್ಟು ಹೋಗಿದ್ದರಂತೆ. ಅಂದಿನಿಂದ ಅವರೇ ಕಾಫಿ ತರತೊಡಗಿದರು. ತಾವು ಕುಡಿಯಲಿಕ್ಕಲ್ಲ. ಹೊಸ ಮನೆಗೆ ಹೋದ ಕೂಡಲೇ ಫ್ಲಾಸ್ಕಿನ ಮುಚ್ಚಳಕ್ಕೆ ಬಗ್ಗಿಸಿ, ಮನೆಯವರ ಮುಂದೆ ಹಿಡಿಯುತ್ತಿದ್ದರು. "ತಗೊಳ್ಳಿ, ನಮ್ಮನೆ ಕಾಫಿ." ಕಾಫಿ ಬೆಳೆಯುವವರ ಮನೆ ಬಾಗಿಲಲ್ಲಿ ನಿಂತು ಅವರಿಗೇ ಕಾಫಿ ಕೊಡುವ ಧೈರ್ಯ ನೋಡಿ. ಕುಡಿದವರ ಮನೆಯ ಕೆಲಸ ಹಿಡಿಯುವುದು. 'ಈಗಷ್ಟೇ ಆಯ್ತು' ಎಂದವರಿಗೆ 'ನನಗೂ ಈ ವರ್ಷ ಪುರುಸೊತ್ತಿಲ್ಲ' ಎನ್ನುವುದು.

ನಮ್ಮ ಮನೆ ಮಲ್ಲಂದೂರಿನ ಮೇಲ್ಗಡೆ. ನಾನು ಕಳಸದ ಕಡೆಯವಳು, ನಾಲಿಗೆ ಸ್ವಲ್ಪ ಉದ್ದ ಎಂದು ತವರಿನಲ್ಲೇ ಹೆಸರು ಪಡೆದು ಬಂದವಳು. ಆದರೂ ಮದುವೆಯಾದ ಮೇಲೆ ಮುಂಜಗಲಿಯಲ್ಲಿ ನಾನು ಕೂತದ್ದು ಮಾವ ಊರಲ್ಲಿಲ್ಲದ ದಿನಗಳಲ್ಲಿ ಮಾತ್ರ. ಅಲ್ಲಿ ಅವರದೊಂದು ಕುರ್ಚಿ, ಬಂದ ಗಂಡಸರಿಗೆ ಒಂದು ಬೆಂಚು. ಜಗಲಿಯ ಮುಂದೆ ಕಾಫಿ ಒಣಗಿಸುವ ಕಣ, ಅದೇ ನಮ್ಮ ಅಂಗಳ. ಕೂಲಿ ಹಂಚುವ ಬಟವಾಡೆಯ ದಿನ ಲೆಕ್ಕ ಬರೆಯುವ ರೈಟರು ಮೆಟ್ಟಿಲ ಮೇಲೆ ಕೂತು ಹೆಸರು ಕರೆಯುತ್ತಿದ್ದರು, ಆಳುಗಳು ಕಣದಲ್ಲಿ ನಿಂತಿರುತ್ತಿದ್ದರು. ಮಳೆಯಾದರೆ ಕಂಬಳಿ ಕೊಪ್ಪೆ ಹೊದ್ದು ನಿಲ್ಲುವುದು, ಬಿಸಿಲಾದರೆ ಸೆರಗು ಹೊದ್ದು ನಿಲ್ಲುವುದು. ನಿಲ್ಲಿ ಎಂದು ಯಾರೂ ಹೇಳುತ್ತಿರಲಿಲ್ಲ. ಕೂರಲು ಜಾಗವಿರಲಿಲ್ಲ, ಅಷ್ಟೇ.

ಹೋಮ್‌ಸ್ಟೇ ಮಾಡಬೇಕೆಂದು ನನ್ನ ಗಂಡ ಹೊರಟಾಗ ಜಗಲಿ ಬೆಳೆಸಲು ಇವರನ್ನು ಕರೆಸಿದರು. ಸ್ಕೂಟರು ನಿಲ್ಲಿಸಿ ಹೆಲ್ಮೆಟ್ಟು ತೆಗೆದು, ಮಾವನಿಗೆ ನಮಸ್ಕಾರ ಎಂದು, ಸೀದಾ ಬಂದು ಮೇಲಿನ ಮೆಟ್ಟಿಲಿನಲ್ಲಿ ಕೂತರು. ಮಾವ ಪೇಪರು ಮಡಿಚಿ, ನಮ್ಮ ಕಡೆ ಎಲ್ಲ ಹಿರಿಯರೂ ಮೊದಲು ಕೇಳುವುದನ್ನೇ ಕೇಳಿದರು.

"ಯಾರ ಮಗಳಮ್ಮ ನೀನು?"

ಅವರು ಅಪ್ಪನ ಹೆಸರು ಹೇಳಿದರು. ಯಾವ ಎಸ್ಟೇಟಿನ ಲೈನು ಎಂಬುದನ್ನೂ ಹೇಳಿದರು. "ನಮ್ಮಪ್ಪ ನಿಮ್ಮಲ್ಲೂ ಮೆಣಸು ಕೊಯ್ದಿದಾರೆ ಸಾರ್. ಅಮ್ಮನ ಜೊತೆ ನಾನೂ ಈ ಕಣಕ್ಕೆ ಬಂದಿದೀನಿ. ಆಗೆಲ್ಲ ನಿಂತು ನೋಡಿದ್ದು ಈ ಮನೇನ. ಕೂತರೆ ಹೆಂಗೆ ಕಾಣ್ತದೆ ಅಂತ ಈಗ ನೋಡ್ತಿದೀನಿ."

ಮಾವ ಎದ್ದು ಒಳಗೆ ಹೋದರು. ನಾನು ಹೊರಗೆ ಬಂದೆ. ಅವರು ಫ್ಲಾಸ್ಕು ತೆಗೆದು ನನ್ನ ಮುಂದೆ ಕಾಫಿ ಹಿಡಿದರು. ಕುಡಿದೆ. ಸಕ್ಕರೆ ಜಾಸ್ತಿಯಾಗಿತ್ತು, ಹಾಗಂತ ಹೇಳಿದೆ. "ನೀವು ಪರವಾಗಿಲ್ಲ" ಅಂದರು. ನಮ್ಮ ಸ್ನೇಹ ಶುರುವಾದದ್ದು ಹಾಗೆ.

ಬಿಸಿಲು ತಿರುಗಿದ ಮೇಲೆ ಅವರು ನನ್ನ ಗಂಡನನ್ನು ಕರೆದು ಕೇಳಿದರು: "ಈ ಜಗಲಿಗೆ ಯಾರ್ಯಾರು ಬರ್ತಾರೆ?"

"ಗೆಸ್ಟುಗಳು. ನಾವು ಮನೆಯೋರು."

"ಮತ್ತೆ?"

"ಮತ್ತೆ ಯಾರೂ ಇಲ್ಲ."

"ರೈಟರು ಬರಲ್ವಾ? ಮೇಸ್ತ್ರಿ ಬರಲ್ವಾ? ಬಟವಾಡೆಗೆ ಆಳುಗಳು ಬರಲ್ವಾ? ಅವರೆಲ್ಲಿ ಕೂರ್ತಾರೆ?"

ನನ್ನ ಗಂಡ ಒಳ್ಳೆಯವರು. ಒಳ್ಳೆಯವರಿಗೆ ಇಂಥ ಪ್ರಶ್ನೆಗಳು ಬಂದಾಗ ಗಂಟಲು ಸರಿಮಾಡಿಕೊಳ್ಳುವುದು ಬಿಟ್ಟು ಬೇರೇನೂ ತೋಚುವುದಿಲ್ಲ. ಅವರು ಅದನ್ನೇ ಮಾಡಿದರು.

ನಕ್ಷೆ ಬಂತು. ಹಳೇ ಮಾಡಿನ ಸೂರಿನ ಕೆಳಗಿನಿಂದ ಹೊಸ ಮಾಡು ತಗ್ಗಾಗಿ ಇಳಿದು ಬಂದಿತ್ತು. ಅದರ ಅಂಚಿನುದ್ದಕ್ಕೂ ಅಗಲವಾದ ಒಂದು ಕಟ್ಟೆ. ಕಟ್ಟೆಯ ನಡುವೆ ಗಿಡ್ಡ ಕಂಬಗಳು. ಒಳಮುಖದಲ್ಲಿ ಮನೆಯವರು, ಗೆಸ್ಟುಗಳು ಕೂರಬಹುದು. ಹೊರಮುಖದಲ್ಲಿ ಕಣದ ಕಡೆಯಿಂದ ಬಂದವರು ಕೂರಬಹುದು. ಕಣ ತಗ್ಗಿನಲ್ಲಿದ್ದದ್ದರಿಂದ ಆ ಕಡೆಗೆ ಕಾಲಿಡಲು ಒಂದು ಮೆಟ್ಟು. ಎರಡೂ ಕಡೆ ಕೆಂಪು ನೆಲ, ಮೇಲೆ ಒಂದೇ ಹೆಂಚು, ಕೂತವರ ತಲೆಗಳೆಲ್ಲ ಒಂದೇ ಎತ್ತರಕ್ಕೆ. ನನಗೆ ಅದು ನಮ್ಮ ಮನೆಯದೇ ಹಳೇ ಫೋಟೋ ನೋಡಿದ ಹಾಗಾಯಿತು, ಅಷ್ಟು ಸಹಜವಾಗಿತ್ತು.

ಮಾವ ಕನ್ನಡಕ ಹಾಕಿಕೊಂಡು ನೋಡಿದರು. ಕಣದ ಕಡೆಯ ಕಟ್ಟೆಯ ಮೇಲೆ ಬೆರಳಿಟ್ಟರು. "ಇದು ಬೇಡ. ಇಲ್ಲಿ ರೈಲಿಂಗ್ ಹಾಕು."

"ಹಾಗಾದ್ರೆ ಈ ಪ್ಲಾನೇ ಬೇಡ ಸಾರ್" ಎಂದು ಅವರು ನಕ್ಷೆ ಸುತ್ತಿದರು.

ನನ್ನ ಗಂಡ ಹಿಂದೆಯೇ ಓಡಿದರು. "ಈಗ ಒಪ್ಕೊಂಡು ಬಿಡಿ, ಅಪ್ಪಂಗೆ ವಯಸ್ಸಾಗಿದೆ. ಕಟ್ಟೆ ವಿಷಯ ಆಮೇಲೆ ನೋಡಣ."

ಸ್ಕೂಟರು ಶುರು ಮಾಡುತ್ತಾ ಅವರು ಅಂದರು: "ಆಮೇಲೆ ಅಂದ್ರೆ ಯಾವಾಗ? ನಮ್ಮಪ್ಪಂಗೂ ಆಮೇಲೆ ಅಂತಲೇ ಹೇಳಿದ್ರು. ಅವರು ಸತ್ತೂ ಹೋದ್ರು. ಆಮೇಲೆ ಇನ್ನೂ ಬಂದಿಲ್ಲ."

ಮಾವ ಪೇಟೆಯಿಂದ ಒಬ್ಬ ಕಂಟ್ರಾಕ್ಟರನ್ನು ತರಿಸಿದರು. ಆತ ಹೇಳಿದ್ದಕ್ಕೆಲ್ಲ ಹೂಂ ಅನ್ನುವವನು. ಗೆಸ್ಟುಗಳಿಗೆ ಗುಡ್ಡ ಕಾಣಬೇಕೆಂದು ಎತ್ತರದ ಕಂಬ, ಅದರ ಮೇಲೆ ಚಪ್ಪಟೆ ಸ್ಲ್ಯಾಬು, ಸುತ್ತ ಥಳಥಳ ಹೊಳೆಯುವ ಸ್ಟೀಲ್ ರೈಲಿಂಗು. ಮನೆಯ ಹಣೆಯನ್ನೇ ಮುಚ್ಚಿಬಿಟ್ಟಿತು. ಬಂದವರು 'ಯಾವಾಗ ಕಟ್ಟಿಸಿದ್ರಿ?' ಎಂದೇ ಕೇಳುತ್ತಿದ್ದರು. ಮಾವ ಅದನ್ನು ಹೊಗಳಿಕೆ ಎಂದುಕೊಂಡರು.

ನಮ್ಮ ಮನೆ ಪೂರ್ವಕ್ಕೆ ಮುಖ ಮಾಡಿದ್ದು. ಹೊತ್ತು ತಿರುಗಿದ ಮೇಲೆ ಮನೆಯ ನೆರಳು ಕಣಕ್ಕೇ ಇಳಿಯುತ್ತದೆ. ತಾತನವರು ಲೆಕ್ಕ ಹಾಕಿಯೇ ಮಾಡನ್ನು ತಗ್ಗಾಗಿ ಕಟ್ಟಿಸಿದ್ದರು. ಆ ವರ್ಷ ಕೊಯ್ಲು ಬಂತು. ಪಲ್ಪರಿನಲ್ಲಿ ಸಿಪ್ಪೆ ಸುಲಿದು, ತೊಳೆದ ಕಾಫಿಯನ್ನು ಕಣದಲ್ಲಿ ಹರವಿದರು. ಮಧ್ಯಾಹ್ನದ ಊಟ ಮುಗಿಯುವುದರೊಳಗೆ ಸ್ಲ್ಯಾಬಿನ ನೆರಳು ಕಣದ ಅರ್ಧ ಹತ್ತಿ ಕೂತಿತ್ತು. ನೆರಳಿನ ಕಾಫಿ ಬಿಸಿಲಿಗೆ ಸರಿಸುವುದು, ಬಿಸಿಲಿನದು ನೆರಳಿಗೆ ಬರುವುದು, ಆಳುಗಳಿಗೆ ಇದೇ ಕೆಲಸ. ಕಾಫಿ ಒಂದೇ ಹದಕ್ಕೆ ಒಣಗಲೇ ಇಲ್ಲ. ಮಾವ ದಿನವೂ ಕಣಕ್ಕಿಳಿದು ಒಂದು ಬೀಜ ಹಲ್ಲಿಗೆ ಹಾಕಿ ಕಚ್ಚಿ ನೋಡುತ್ತಿದ್ದರು. ಒಣಗಿದ ಬೀಜ ಟಕ್ಕೆನ್ನಬೇಕು. ಅದು ಚೂಯಿಂಗ್ ಗಮ್ಮಿನ ಹಾಗೆ ಹಲ್ಲಿಗೆ ಅಂಟುತ್ತಿತ್ತು. ಒಂದು ದಿನ ಬೀಜ ಉಗಿದು, ತಲೆ ಎತ್ತಿ ಸ್ಲ್ಯಾಬು ನೋಡಿದರು.

"ಆ ಹುಡುಗೀನ ಕರೀರಿ" ಅಂದರು.

ಮಾವನಿಗೆ ನ್ಯಾಯ ಹೊಳೆಯಿತು ಎಂದು ಯಾರೂ ತಿಳಿಯಬೇಡಿ. ಹೊಳೆದದ್ದು ಕಾಫಿ.

ಅವರು ಬಂದರು, ಅದೇ ಮೆಟ್ಟಿಲಿನಲ್ಲಿ ಕೂತರು. ರೈಲಿಂಗಿಗೆ ಹೆಲ್ಮೆಟ್ಟು ನೇತುಹಾಕಿ, "ಇದಕ್ಕಾದ್ರೂ ಉಪಯೋಗ ಆಯ್ತಲ್ಲ" ಅಂದರು.

ಮಾವ ಹೇಳಿದರು, "ನಂಗೆ ಕಣದ ಬಿಸಿಲು ಬಿಡಿಸಿ ಕೊಡು. ಅಷ್ಟು ಸಾಕು."

"ಕೊಡ್ತೀನಿ ಸಾರ್. ಅದಕ್ಕೆ ಸ್ಲ್ಯಾಬು ಒಡೀಬೇಕು, ಮಾಡು ತಗ್ಗಿಸ್ಬೇಕು. ಮಾಡು ತಗ್ಗಿಸಿದ್ರೆ ಅಂಚಿನಲ್ಲಿ ಯಾರಿಗೂ ನಿಲ್ಲಕ್ಕಾಗಲ್ಲ, ಹೆಂಚು ತಲೆಗೆ ಬಡೀತದೆ. ಅಲ್ಲಿ ಕೂರಲೇಬೇಕು. ನಿಮಗೂ ಅಷ್ಟೆ, ಆಳಿಗೂ ಅಷ್ಟೆ. ಹಂಗಾಗಿ ಕಟ್ಟೆ ಇರ್ತದೆ, ಎರಡೂ ಕಡೆ."

"ಕಟ್ಟೆ ಬಿಟ್ಟು ಬೇರೆ ದಾರಿ ಇಲ್ವಾ?"

ಇಲ್ಲ ಎಂದು ಸುಳ್ಳು ಹೇಳಬಹುದಿತ್ತು. ಮಾವನಿಗೆ ಗೊತ್ತಾಗುತ್ತಿರಲಿಲ್ಲ. ಅವರು ಹೇಳಿದ್ದು ಹೀಗೆ: "ಇದೆ ಸಾರ್. ಆದ್ರೆ ನನ್ನ ಹತ್ರ ಇಲ್ಲ. ಯಾರನ್ನ ನಿಲ್ಲಿಸ್ಬೇಕು ಅಂತ ಕೇಳ್ಕೊಂಡು ನಾನು ಗೆರೆ ಎಳೆಯಲ್ಲ. ಬೇರೆಯೋರು ಎಳೀತಾರೆ, ಅವರನ್ನ ಕರೀರಿ."

ಬಾಗಿಲ ಹಿಂದೆ ನಿಂತಿದ್ದ ನಾನು ಈಚೆ ಬಂದೆ. ಬಂದದ್ದು ಯಾವ ಧೈರ್ಯದ ಮೇಲೆ ಎಂದು ಇವತ್ತಿಗೂ ತಿಳಿಯದು. "ಕಟ್ಟೆ ಇರ್ಲಿ ಮಾವ. ನಂಗೂ ಕೂರಕ್ಕೆ ಜಾಗ ಬೇಕು" ಅಂದೆ. ಮಾವ ನನ್ನನ್ನೂ ಅವರನ್ನೂ ನೋಡಿದರು. ಕಣದಲ್ಲಿ ಕಾಫಿ ಅರ್ಧಂಬರ್ಧ ಒಣಗಿ ಬಿದ್ದಿತ್ತು. "ಏನಾದ್ರೂ ಮಾಡ್ಕಳಿ" ಎಂದು ಒಳಗೆ ಹೋದರು.

ಸ್ಲ್ಯಾಬು ಒಡೆಯುವ ದಿನ ಅವರು ಬಹಳ ಖುಷಿಯಲ್ಲಿದ್ದರು. ಹೆಂಚು ಬಂತು, ಹಳೆಯದು, ಹೊಗೆ ಕುಡಿದು ಕಪ್ಪಾದದ್ದು. ನಮ್ಮ ಮಾಡಿನ ಹೆಂಚಿನ ಪಕ್ಕ ಇಟ್ಟರೆ ಅಣ್ಣತಮ್ಮ ಎನ್ನಬೇಕು. ಮಾವ ಒಂದನ್ನು ತಿರುಗಿಸಿ ನೋಡಿ, "ಎಲ್ಲಿ ಸಿಕ್ತು ಇದು? ಒಳ್ಳೆ ಹೆಂಚು" ಅಂದರು.

"ನಾನು ಹುಟ್ಟಿದ ಲೈನಿಂದು ಸಾರ್. ಅಲ್ಲಿ ಶೀಟು ಹಾಕಿದ್ರಲ್ಲ, ಬಿಚ್ಚಿ ಬಿಸಾಕಿದ್ರು. ನಾನು ಎತ್ತಿಟ್ಕೊಂಡಿದ್ದೆ. ಲೈನು ಕಟ್ಟಿದ್ದೂ ನಿಮ್ಮನೆ ಕಟ್ಟಿದ್ದೂ ಒಂದೇ ಕಾಲ, ಒಂದೇ ಕಡೆಯಿಂದ ಬಂದ ಹೆಂಚು. ಹಂಗಾಗಿ ಹೊಂದ್ತದೆ."

ಮಾವ ಹೆಂಚನ್ನು ನಿಧಾನವಾಗಿ ಕೆಳಗಿಟ್ಟರು. ಒಳ್ಳೆಯದು ಎಂದು ಆಗಲೇ ಹೇಳಿಬಿಟ್ಟಿದ್ದರಲ್ಲ, ಹಿಂದಕ್ಕೆ ತೆಗೆದುಕೊಳ್ಳುವಂತಿರಲಿಲ್ಲ.

ಕೆಂಪು ನೆಲ ಹಾಕಿ ತಿಕ್ಕಿ ನುಣುಪು ಮಾಡಿದ ಮೇಲೆ ನಾವಿಬ್ಬರೂ ಹೊರಮುಖದ ಕಟ್ಟೆಯಲ್ಲಿ ಕೂತಿದ್ದೆವು. ಎದುರಿಗೆ ಕಣದ ತುಂಬ ಬಿಸಿಲು. ನಾನು ಹೇಳಿದೆ, "ನಿಮ್ಮ ಅಮ್ಮನ್ನ ಒಂದ್ಸಲ ಕರ್ಕೊಂಡು ಬನ್ನಿ, ನೋಡ್ಲಿ."

ಅವರು ಕಟ್ಟೆಯ ಅಂಚನ್ನು ಹೆಬ್ಬೆರಳಿನಿಂದ ಉಜ್ಜಿದರು.

"ಬರಲ್ಲ ಅಕ್ಕಾ. ಎಷ್ಟೋ ಸಲ ಕರ್ದಿದೀನಿ. 'ಕಟ್ಟೆ ನೀನು ಕಟ್ಟಿದ್ದಿರ್ಬಹುದು, ಕಣ ಸಾಹುಕಾರ್ರದ್ದು. ಆ ಕಣಕ್ಕೆ ಕಾಲಿಟ್ರೆ ನಂಗೆ ಕೂರಕ್ಕೆ ಬರಲ್ಲ' ಅಂತಾಳೆ. ನಾನು ಈ ಕೆಲಸ ಕಲ್ತಿದ್ದೇ ಅವಳನ್ನ ಕೂರಿಸಕ್ಕೆ. ಊರಿನೋರ ಮನೆಯಲ್ಲೆಲ್ಲ ಕಟ್ಟೆ ಕಟ್ಟಿದೆ, ಅವಳೊಬ್ಳು ಕೂರಲ್ಲ." ಆಮೇಲೆ ಕಟ್ಟೆಗೆ ಅಂಗೈ ಬಡಿದು ಅಂದರು: "ಬಿಡಲ್ಲ ನಾನು. ಒಂದಲ್ಲ ಒಂದಿನ ಕರ್ಕೊಂಡು ಬಂದು ಇಲ್ಲೇ ಕೂರಿಸ್ತೀನಿ. ನೋಡ್ತಿರಿ."

ಕಟ್ಟೆ ಕಟ್ಟಿದ ಕೂಡಲೇ ಎಲ್ಲ ಸರಿಹೋಯಿತು ಎಂದು ಬರೆದರೆ ಅವರೇ ಎದ್ದು ಬಂದು ನನ್ನ ಕೈಯಿಂದ ಪೆನ್ನು ಕಿತ್ತುಕೊಳ್ಳುತ್ತಾರೆ. ಮೊದಮೊದಲು ಹೊರಮುಖದಲ್ಲಿ ಯಾರೂ ಕೂರಲಿಲ್ಲ. ಬಟವಾಡೆಗೆ ಬಂದವರು ಕಟ್ಟೆಯನ್ನು ನೋಡುವುದು, ಮತ್ತೆ ಕಣದ ನಡುವೆಯೇ ನಿಲ್ಲುವುದು. ಜೊತೆಗೆ ಮಾವ ಅಲ್ಲಿ ಉದ್ದಕ್ಕೂ ಆಂಥೂರಿಯಂ ಕುಂಡಗಳನ್ನು ಜೋಡಿಸಿಟ್ಟರು. ಅವರಿಗೆ ಹೂವಿನ ಮೇಲೆ ಪ್ರೀತಿ ಬಂದದ್ದು ಆ ವಾರವೇ. ಇವರು ಯಾವುದೋ ನೆಪ ಹೇಳಿಕೊಂಡು ಬಂದು, ಒಂದೊಂದೇ ಕುಂಡ ಎತ್ತಿ ಕೆಳಗಿಟ್ಟು ಹೋದರು. ಮರುದಿನ ಮಾವ ಮತ್ತೆ ಮೇಲಿಡಿಸಿದರು. ಇವರು ಮತ್ತೆ ಬಂದರು. ಕುಂಡಗಳು ಹತ್ತಿ ಇಳಿದು ಸೊರಗಿದವು. ಕೊನೆಗೆ ನಾನೇ ಅವನ್ನೆಲ್ಲ ಹಿತ್ತಲಿಗೆ ಸಾಗಿಸಿದೆ. ಮಾವ ಕೇಳಿದಾಗ, "ಅವಕ್ಕೆ ಅಲ್ಲಿ ತಂಪು" ಅಂದೆ.

ಮೊದಲು ಅಲ್ಲಿ ಕೂತವರು ಪಲ್ಪರ್ ರಿಪೇರಿಗೆ ಬಂದ ಆಲ್ದೂರಿನ ಸಾಬರು. ಅವರಿಗೆ ಇದರ ಇತಿಹಾಸವೊಂದೂ ಗೊತ್ತಿಲ್ಲ. ಸ್ಪ್ಯಾನರು ಪಕ್ಕಕ್ಕಿಟ್ಟು, ಕಟ್ಟೆಯಲ್ಲಿ ಕೂತು, ಕಂಬಕ್ಕೆ ಒರಗಿ, "ಒಳ್ಳೆ ಗಾಳಿ ಬರ್ತದೆ ಕಣಮ್ಮ ಇಲ್ಲಿ" ಅಂದರು. ಅವರನ್ನು ನೋಡಿ ಮೇಸ್ತ್ರಿ ಕೂತರು. ಮೇಸ್ತ್ರಿಯನ್ನು ನೋಡಿ ಮಗು ಎತ್ತಿಕೊಂಡಿದ್ದ ಒಬ್ಬಳು ಕೂತಳು. ಈಗ ಬಟವಾಡೆಯ ದಿನ ಅಲ್ಲಿ ಜಾಗ ಸಾಲುವುದಿಲ್ಲ, ಒಳಮುಖಕ್ಕೂ ಬರುತ್ತಾರೆ. ಗೆಸ್ಟುಗಳಿಗೆ ಅವರ ಜೊತೆ ಹರಟೆ ಹೊಡೆಯುವುದೇ ಇಷ್ಟ. ಪ್ರೈವೆಸಿ ಇಲ್ಲ ಎಂದು ಗೊಣಗಿದ ಒಂದಿಬ್ಬರೂ ಇದ್ದರು. ಪ್ರೈವೆಸಿ ಬೇಕಾದರೆ ಒಳಗೆ ರೂಮಿದೆ ಎಂದು ತೋರಿಸಿದೆ.

ಕಾಯಿಲೆ ಬಂದಾಗ ಅವರಿಗೆ ಇನ್ನೂ ಐವತ್ತು ತುಂಬಿರಲಿಲ್ಲ. ನೋಡಲು ಆಸ್ಪತ್ರೆಗೆ ಹೋದರೆ ಹಾಸಿಗೆಯ ಮೇಲೆ ಕೂತು ಏನೋ ಗೆರೆ ಎಳೆಯುತ್ತಿದ್ದರು. ವಾರ್ಡಿನ ಹೊರಗೆ ಕಾಯುವವರಿಗೆ ಕೂರುವ ಜಾಗದ ನಕ್ಷೆಯಂತೆ. "ಯಾರು ಕಟ್ತಾರೆ ಇದನ್ನ?" ಅಂದೆ. "ಕಟ್ಟಲ್ಲ. ಆದ್ರೆ ಜಾಗ ಇರ್ಲಿಲ್ಲ ಅಂತ ಅವರು ನಾಳೆ ಹೇಳಂಗಿಲ್ಲ, ನಾನು ಬರ್ದು ಕೊಟ್ಟು ಹೋಗ್ತೀನಿ" ಅಂದರು. ಹೊರಡುವಾಗ ನನ್ನ ಕೈ ಹಿಡಿದು, "ಅಮ್ಮ ಇನ್ನೂ ಬಂದಿಲ್ಲ ಅಲ್ವಾ?" ಎಂದು ಕೇಳಿದರು. ಇಲ್ಲ ಎಂದು ತಲೆಯಾಡಿಸಿದೆ. "ಹಟಮಾರಿ" ಅಂದರು. ದಾರಿಯುದ್ದಕ್ಕೂ ನಾನು ಅತ್ತೆ.

ಸಭೆಯಾಗಿ ಕೆಲವು ವಾರಗಳ ಮೇಲೆ, ಬೆಳಿಗ್ಗೆ ಹನ್ನೊಂದು ಗಂಟೆ ಹೊತ್ತಿಗೆ, ನಾಯಿ ಬೊಗಳಿತೆಂದು ಹೊರಗೆ ಬಂದೆ. ಕಣದ ನಡುವೆ ಒಬ್ಬ ಮುದುಕಿ ನಿಂತಿದ್ದರು. ಸಣಕಲು ಮೈ, ತಲೆ ಮೇಲೆ ಸೆರಗು, ಕಂಕುಳಲ್ಲಿ ಒಂದು ಚೀಲ. ಯಾರೆಂದು ಕೇಳಬೇಕಾಗಿರಲಿಲ್ಲ, ಮಗಳದೇ ಗಲ್ಲ.

"ಬನ್ನಿ, ಕೂತ್ಕಳಿ" ಎಂದೆ. ಅವರು ಬಿಸಿಲಿನಲ್ಲೇ ನಿಂತರು.

"ಇದೇನಾ ಅವಳು ಕಟ್ಟಿದ್ದು?"

"ಇದೇ."

ಹತ್ತಿರ ಬಂದರು. ಕಟ್ಟೆಯ ಕೆಂಪು ನೆಲದ ಮೇಲೆ ಅಂಗೈ ಇಟ್ಟು ಈ ತುದಿಯಿಂದ ಆ ತುದಿಯವರೆಗೆ ಸವರಿಕೊಂಡು ಹೋದರು. ಬಗ್ಗಿ, ಸೂರಿನೊಳಗೆ ತಲೆ ಹಾಕಿ, ಹೆಂಚು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಮತ್ತೆ ಹಿಂದಕ್ಕೆ ಸರಿದು, ಕಣದಲ್ಲಿ ಮೊದಲಿನ ಜಾಗದಲ್ಲೇ ನಿಂತುಕೊಂಡರು. ನಾನು ಇನ್ನೊಮ್ಮೆ ಕರೆದೆ. ಇಲ್ಲ ಎಂದು ಕೈ ಅಲ್ಲಾಡಿಸಿದರು.

ಮಾತು ಕೇಳಿ ಮಾವ ಊರುಗೋಲು ಹಿಡಿದು ಬಾಗಿಲಿಗೆ ಬಂದರು. ಅವರಿಗೂ ಗುರುತು ಹತ್ತಿತು. ಸತ್ತ ಸುದ್ದಿ ಕೇಳಿದಾಗಿನಿಂದ ಅವರು ಮೆತ್ತಗಾಗಿದ್ದರು, ಅದನ್ನು ಹೇಳದಿದ್ದರೆ ನನ್ನ ತಪ್ಪಾಗುತ್ತದೆ. ದನಿ ತಗ್ಗಿಸಿ, ಪಾಪ, ಒಳ್ಳೆ ಮನಸ್ಸಿನಿಂದಲೇ ಹೇಳಿದರು: "ಬಿಸಿಲಲ್ಲಿ ಯಾಕೆ ನಿಂತಿದೀಯ? ಕೂತ್ಕಾ, ಪರವಾಗಿಲ್ಲ."

ಮುದುಕಿ ತಲೆ ಎತ್ತಿದರು.

"ನೀವು ಹೇಳದು ಬ್ಯಾಡ ಸಾಹುಕಾರ್ರೆ. ಇಷ್ಟು ವರ್ಷ ನಿಂತ್ಕಾ ಅಂತ ಯಾರೂ ಹೇಳಿರ್ಲಿಲ್ಲ, ನಿಂತಿದ್ದೆ. ಈಗ ಕೂತ್ಕಾ ಅಂತಾನೂ ಯಾರೂ ಹೇಳದು ಬ್ಯಾಡ. ನನ್ ಮಗಳು ಕಟ್ಟಿದ್ದು ಇದು."

ಬಂದು ಕೂತರು. ಮೆಟ್ಟಿನ ಮೇಲೆ ಎರಡೂ ಪಾದ ಊರಿ, ಚೀಲ ಪಕ್ಕಕ್ಕಿಟ್ಟು, ಬೆನ್ನನ್ನು ಕಂಬಕ್ಕೆ ಕೊಟ್ಟು ಕೂತರು. ಚೀಲದಿಂದ ಎಲೆ ತೆಗೆದು ತೊಡೆಯ ಮೇಲೆ ಒರೆಸಿದರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಅದನ್ನು ಒರೆಸಲಿಲ್ಲ.

ನಾನು ಹೋಗಿ ಅವರ ಪಕ್ಕ ಕೂತೆ. ಮಾವ ಬಾಗಿಲಲ್ಲಿ ನಿಂತೇ ಇದ್ದರು. ಕೂತುಕೊಳ್ಳಿ ಎಂದು ನಾವಿಬ್ಬರೂ ಹೇಳಲಿಲ್ಲ.